ಶುಗರ್‌ನ 'ಶ' ಶರ್ಕರಾದ 'ಶ' ಅಲ್ಲ

ನಿಪ್ಪಾಣಿ, ಚಿಕ್ಕೋಡಿ ಕಡೆಯ ಕಿರಾಣಿ ಅಂಗಡಿ ಮುಂದೆ ಸಂಜೆ ಹೊತ್ತು ಸ್ವಲ್ಪ ಕಿವಿಗೊಟ್ಟು ನಿಂತರೆ ಒಂದೇ ಡಬ್ಬಿಗೆ ಮೂರು ಹೆಸರು ಕೇಳಿಸುತ್ತವೆ. "ಎರಡ್ ಕಿಲೋ ಸಕ್ರಿ ಕೊಡ್ರಿ" ಅನ್ನುವವರು ಕನ್ನಡದವರು. "ಸಾಖರ್" ಅನ್ನುವವರು ಮರಾಠಿಯವರು. ಮನೆಮಾತು ಉರ್ದು ಆದವರು "ಶಕ್ಕರ್" ಅಂತಾರೆ. ಕಟ್ಟೆ ಮೇಲೆ ಕೂತ ಹಿರಿಯರಿಗೆ ಚಹಾ ಕೊಡಹೋದರೆ "ಬ್ಯಾಡ್ರಿ, ಶುಗರ್ ಐತಿ" ಅಂತ ಕೈ ಅಡ್ಡ ಹಿಡಿಯುತ್ತಾರೆ. ನಾಲ್ಕೂ ಮಾತಿನ ಬೇರು ಒಂದೇ. ಆದರೆ ನಾಲ್ಕೂ ಬೇರೆ ಬೇರೆ ದಾರಿ ಹಿಡಿದು ಆ ಅಂಗಡಿಗೆ ಬಂದು ಸೇರಿವೆ.

"ಇಂಗ್ಲಿಷಿನ ಶುಗರ್ ಸಂಸ್ಕೃತದ ಶರ್ಕರಾದಿಂದ ಬಂತು, ನೋಡಿ ಎರಡರಲ್ಲೂ ಶ ಇದೆ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಓಡಾಡುತ್ತದೆ. ಮೊದಲ ಅರ್ಧ ನಿಜ. ಎರಡನೇ ಅರ್ಧ ತಪ್ಪು. ಆ ತಪ್ಪು ಎಲ್ಲಿದೆ ಅಂತ ತೋರಿಸಿದರೆ ಪದದ ಮೂಲ ಹುಡುಕುವ ಕೆಲಸ ಹೇಗೆ ನಡೆಯುತ್ತದೆ ಎಂಬುದೇ ತಿಳಿಯುತ್ತದೆ.

ಈ ಕೆಲಸದಲ್ಲಿ ಹೋಲಿಕೆಗೆ ಬೆಲೆ ಬಹಳ ಕಡಿಮೆ. ಕನ್ನಡದ ಒಂದು, ಇಂಗ್ಲಿಷಿನ ಒನ್; ಕನ್ನಡದ ಎಂಟು, ಇಂಗ್ಲಿಷಿನ ಎಯ್ಟ್. ಕಿವಿಗೆ ಅಣ್ಣ ತಮ್ಮ ಇದ್ದ ಹಾಗೆ. ಆದರೆ ಎಯ್ಟ್‌ನ ಹಳೆಯ ರೂಪ ತೆಗೆದರೆ ಎಅಹ್ತ. ಅದರ ದಾಯಾದಿಗಳು ಲ್ಯಾಟಿನ್ನಿನ ಒಕ್ತೊ, ಸಂಸ್ಕೃತದ ಅಷ್ಟ. ಎಂಟು ಪಕ್ಕದಲ್ಲಿ ತಮಿಳಿನ ಎಟ್ಟು ನಿಲ್ಲುತ್ತದೆ. ಹಿಂದೆ ಹೋದಷ್ಟೂ ಎರಡು ಸಾಲು ಹತ್ತಿರ ಬರುವುದಿಲ್ಲ, ದೂರ ಸರಿಯುತ್ತವೆ. ನಿಜವಾದ ನಂಟಿದ್ದರೆ ಇದಕ್ಕೆ ಉಲ್ಟಾ ಆಗಬೇಕು. ಆದ್ದರಿಂದ ಇವತ್ತಿನ ರೂಪವನ್ನು ಇವತ್ತಿನ ರೂಪದ ಜತೆ ಹೋಲಿಸಬಾರದು. ಪದವನ್ನು ಅದರ ಅತಿ ಹಳೆಯ ಬರವಣಿಗೆಗೆ ಒಯ್ದು, ಅಲ್ಲಿಂದ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯಬೇಕು. ಪ್ರತಿ ಮೆಟ್ಟಿಲಲ್ಲೂ ಮೂರು ಲೆಕ್ಕ ಕೂಡಬೇಕು: ದನಿ ಬದಲಾದದ್ದಕ್ಕೆ ಅದೇ ಥರದ ಇನ್ನೊಂದು ಉದಾಹರಣೆ ಬೇಕು, ಅರ್ಥ ಬದಲಾದದ್ದಕ್ಕೆ ಕಾರಣ ಬೇಕು, ಆ ಕಾಲಕ್ಕೆ ಆ ಎರಡು ಮಂದಿಯ ನಡುವೆ ಕೊಡುಕೊಳ್ಳುವಿಕೆ ಇತ್ತು ಎಂಬುದು ಗೊತ್ತಿರಬೇಕು. ಒಂದು ಲೆಕ್ಕ ತಪ್ಪಿದರೂ ಅಲ್ಲಿ ಪ್ರಶ್ನೆಚಿಹ್ನೆ ಹಾಕಿಯೇ ಮುಂದೆ ಹೋಗಬೇಕು.

ಈಗ ಶುಗರ್. ಇಂಗ್ಲಿಷಿನಲ್ಲಿ ಈ ಪದ ಕಾಣಿಸಿಕೊಳ್ಳುವುದು 13ನೇ ಶತಮಾನದ ಕೊನೆಗೆ, 'ಸುಗ್ರೆ'ಯಂಥ ರೂಪಗಳಲ್ಲಿ. ಆಗ ಅದರ ಮೊದಲ ಅಕ್ಷರ ಸ, ಶ ಅಲ್ಲ. ಬಂದದ್ದು ಹಳೆಯ ಫ್ರೆಂಚಿನ 'ಸುಕ್ರ್'ನಿಂದ. ಫ್ರೆಂಚಿನ ಆ 'ಉ' ತುಟಿ ಚೂಪು ಮಾಡಿ ಹೇಳುವಂಥದ್ದು. ಇಂಗ್ಲಿಷರ ಬಾಯಲ್ಲಿ ಅದು 'ಇಯು' ಆಯಿತು, 'ಸಿಯುಗರ್' ಅಂದ ಹಾಗೆ. ಸ-ಕಾರದ ಬೆನ್ನಿಗೇ ಯ-ಕಾರ ಬಂದರೆ ನಾಲಿಗೆ ಎರಡನ್ನೂ ಕೂಡಿಸಿ ಶ ಮಾಡಿಬಿಡುತ್ತದೆ. 16–17ನೇ ಶತಮಾನಗಳಲ್ಲಿ ಇಂಗ್ಲಿಷಿನಲ್ಲಿ ನಡೆದದ್ದು ಇದೇ. 'ಖಾತ್ರಿ' ಅನ್ನುವ ಅರ್ಥದ 'ಶೂರ್' ಪದವನ್ನು ಸ-ಕಾರದಿಂದ ಬರೆದು ಶ-ಕಾರದಿಂದ ಓದುವುದು ಇದೇ ಕಾರಣಕ್ಕೆ. ಕೆಲವರು 'ಇಸ್ಯೂ', ಕೆಲವರು 'ಇಶ್ಯೂ' ಅನ್ನುತ್ತಾರಲ್ಲ, ಅಲ್ಲಿ ಆ ಬದಲಾವಣೆ ಇನ್ನೂ ಮುಗಿದಿಲ್ಲ.

ಅಂದರೆ ಶುಗರ್‌ನ ಶ ಇಂಗ್ಲಿಷಿನೊಳಗೇ ಹೊಸದಾಗಿ ಹುಟ್ಟಿದ್ದು. ಶರ್ಕರಾದ ಶ ಅದಕ್ಕಿಂತ ನೂರಾರು ವರ್ಷ ಮೊದಲೇ ದಾರಿಯಲ್ಲಿ ಉದುರಿಹೋಗಿತ್ತು. ಎಲ್ಲಿ ಉದುರಿತು ಎಂಬುದನ್ನು ಮುಂದೆ ನೋಡೋಣ.

ಇದೇ ಮೆಟ್ಟಿಲಲ್ಲಿ ಇನ್ನೊಂದು ಕೊರಕಲಿದೆ. ಫ್ರೆಂಚಿನ ಕ ಇಂಗ್ಲಿಷಿನಲ್ಲಿ ಗ ಏಕಾಯಿತು? ಫ್ರೆಂಚಿನ 'ಫ್ಲಾಕೊಂ' ಇಂಗ್ಲಿಷಿನಲ್ಲಿ 'ಫ್ಲ್ಯಾಗನ್' (ಹಿಡಿಕೆಯ ಹೂಜಿ) ಆದದ್ದನ್ನು ಜೋಡಿ ಉದಾಹರಣೆಯಾಗಿ ಕೊಡುತ್ತಾರೆ. ಜೋಡಿ ಸಿಕ್ಕಿತು, ಆದರೆ ಎಲ್ಲಾ ಕ-ಕಾರಗಳೂ ಹೀಗೆ ಬದಲಾಗಿಲ್ಲವಾದ್ದರಿಂದ ಇದನ್ನು ನಿಯಮ ಅನ್ನಲು ಬರುವುದಿಲ್ಲ. ನನ್ನ ಲೆಕ್ಕದಲ್ಲಿ ಇಲ್ಲಿ ಅರ್ಧ ಪ್ರಶ್ನೆಚಿಹ್ನೆ ಇರಲೇಬೇಕು.

ಫ್ರೆಂಚಿನ ಹಿಂದೆ ಮಧ್ಯಯುಗದ ಲ್ಯಾಟಿನ್ 'ಸುಕ್ಕಾರುಮ್', ಅದರ ಹಿಂದೆ ಅರಬ್ಬಿಯ 'ಸುಕ್ಕರ್'. ಈ ಮೆಟ್ಟಿಲು ಗಟ್ಟಿ. ಕಬ್ಬಿನ ಬೇಸಾಯವನ್ನು ಸಿಸಿಲಿಗೂ ಸ್ಪೇನಿಗೂ ಒಯ್ದವರು ಅರಬರು. ಸಾಕ್ಷಿ ಪದದ ಮೈಯಲ್ಲೇ ಇದೆ. ಸ್ಪ್ಯಾನಿಷಿನಲ್ಲಿ ಸಕ್ಕರೆಗೆ 'ಅಸೂಕರ್', ಪೋರ್ಚುಗೀಸಿನಲ್ಲೂ ಮೊದಲಿಗೆ 'ಅ' ಇದೆ. ಅರಬ್ಬಿಯಲ್ಲಿ ನಾಮಪದಕ್ಕೆ ಹತ್ತುವ 'ಅಲ್' ಸ-ಕಾರದ ಮುಂದೆ 'ಅಸ್' ಆಗುತ್ತದೆ, ಹೀಗಾಗಿ 'ಅಸ್ಸುಕ್ಕರ್'. ಅರಬರ ಜತೆ ಒಂದೇ ಊರಲ್ಲಿ ಬಾಳಿದವರು ಕಿವಿಗೆ ಬಿದ್ದದ್ದನ್ನು ಬಾಲ ಸಮೇತ ಎತ್ತಿಕೊಂಡರು. ಇಟಲಿಯವರ 'ಜುಕ್ಕೆರೊ' ಪದಕ್ಕೆ ಆ ಬಾಲವಿಲ್ಲ. ಜರ್ಮನ್ನಿನ 'ಟ್ಸುಕರ್' ಬಂದದ್ದು ಇಟಲಿಯ ಕಡೆಯಿಂದ. ಇದಕ್ಕೆ ಜೋಡಿ ಬೇಕೆಂದರೆ ಬೈಲಹೊಂಗಲದ ಅರಳೆ ಪೇಟೆ ನೆನೆಸಿಕೊಳ್ಳಿ. ಹತ್ತಿಗೆ ಅರಬ್ಬಿಯಲ್ಲಿ 'ಕುತ್ನ್'. ಅದು ಇಂಗ್ಲಿಷಿನಲ್ಲಿ ಕಾಟನ್, ಸ್ಪ್ಯಾನಿಷಿನಲ್ಲಿ 'ಅಲ್ಗೊದೊನ್'. ಅಲ್ಲೂ ಸ್ಪೇನಿನವರೇ 'ಅಲ್' ಹೊತ್ತುಕೊಂಡಿದ್ದಾರೆ. ಹೀಗೆ ಎರಡು ಪದ ಒಂದೇ ಕಡೆ ಒಂದೇ ರೀತಿ ಬಾಗಿದರೆ ದಾರಿ ಸರಿ ಇದೆ ಎಂಬ ಧೈರ್ಯ ಬರುತ್ತದೆ.

ಅರಬ್ಬಿಯ ಹಿಂದೆ ಫಾರಸಿಯ 'ಶಕರ್'. ಶ ಉದುರಿದ್ದು ಇಲ್ಲೇ, ಈ ಎರಡರ ನಡುವೆ. ಅರಬ್ಬಿಯಲ್ಲಿ ಶ ಇಲ್ಲವೇ? ಇದೆ. ಆದರೂ ಫಾರಸಿಯಿಂದ ಬಹಳ ಹಿಂದೆ ಹೋದ ಪದಗಳಲ್ಲಿ ಶ-ಕಾರ ಸ ಆಗಿರುವುದುಂಟು. ಫಾರಸಿಯ ರಾಜರ ಹೆಸರು 'ಶಾಪೂರ್' ಅರಬ್ಬಿ ಬರಹಗಳಲ್ಲಿ 'ಸಾಬೂರ್'. ಕಸ್ತೂರಿಗೆ ಫಾರಸಿಯಲ್ಲಿ 'ಮುಶ್ಕ್', ಅರಬ್ಬಿಯಲ್ಲಿ 'ಮಿಸ್ಕ್'. ಶಕರ್ ಹೋಗಿ ಸುಕ್ಕರ್ ಆದದ್ದಕ್ಕೆ ಇವು ಸರಿಯಾದ ಜೋಡಿ. ಸ್ವರ ಮಾತ್ರ ಅ ಹೋಗಿ ಉ ಆಗಿದೆ. ಮಿಸ್ಕ್‌ನಲ್ಲೂ ಸ್ವರ ಬದಲಾಗಿದೆ, ಆದರೆ ಬೇರೆ ದಿಕ್ಕಿಗೆ. ಪದ ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುವಾಗ ಸ್ವರಗಳು ಬೇಗ ಕದಲುತ್ತವೆ, ವ್ಯಂಜನಗಳು ತಡೆದು ನಿಲ್ಲುತ್ತವೆ. ಲೆಕ್ಕ ಹಾಕುವಾಗ ಮೊದಲು ವ್ಯಂಜನ ಹಿಡಿಯಿರಿ ಅನ್ನುವುದು ಇದಕ್ಕೇ.

ಫಾರಸಿಯ ಹಿಂದೆ ನಮ್ಮ ನೆಲ. ಇಲ್ಲಿ ಬಹಳ ಜನ ಒಂದು ಮೆಟ್ಟಿಲು ಹಾರಿಬಿಡುತ್ತಾರೆ. 'ಶರ್ಕರಾ'ದಲ್ಲಿ ಕ-ಕಾರಕ್ಕೆ ಮೊದಲು ಒಂದು ರ ಇದೆ, ಶಕರ್‌ನಲ್ಲಿ ಇಲ್ಲ. ಆ ರ ಎಲ್ಲಿ ಹೋಯಿತು ಅಂತ ಕೇಳಲೇಬೇಕು. ಉತ್ತರ ಸಿಗುವುದು ಪ್ರಾಕೃತದಲ್ಲಿ, ಅಂದರೆ ಹಳೆಯ ಕಾಲದ ಜನರ ಆಡುಮಾತುಗಳಲ್ಲಿ. ಪ್ರಾಕೃತಗಳಲ್ಲಿ ರ-ಕಾರ ಮುಂದಿನ ವ್ಯಂಜನದೊಳಗೆ ಕರಗಿ ಅದನ್ನು ಇಮ್ಮಡಿ ಮಾಡುತ್ತದೆ: ಧರ್ಮ ಧಮ್ಮ ಆಗುತ್ತದೆ, ಸರ್ಪ ಸಪ್ಪ ಆಗುತ್ತದೆ. ಹಾಗೆಯೇ ಶರ್ಕರಾ ಪಾಳಿಯಲ್ಲಿ 'ಸಕ್ಖರಾ', ಪ್ರಾಕೃತದಲ್ಲಿ 'ಸಕ್ಕರಾ'. ಹಾಗಾದರೆ ಫಾರಸಿಗೆ ಶ ಎಲ್ಲಿಂದ ಬಂತು? ವಾಯವ್ಯದ ಗಾಂಧಾರಿ ಪ್ರಾಕೃತ ಮಾತ್ರ ಶ, ಷ, ಸ ಮೂರನ್ನೂ ಬೇರೆ ಬೇರೆಯಾಗಿ ಉಳಿಸಿಕೊಂಡಿತ್ತು. ಇರಾನಿಗೆ ನೆರೆಯದು ಅದೇ. ರ ಹೋಗಿ ಶ ಉಳಿದ ರೂಪ ಆ ಬಾಗಿಲಿನಿಂದ ದಾಟಿತು ಅಂದುಕೊಳ್ಳುವುದೇ ನನಗೆ ಸರಿ ಕಾಣುತ್ತದೆ.

ಅದೇ ಕಾಲದಲ್ಲಿ ಸಮುದ್ರದ ಕಡೆಯಿಂದ ಇನ್ನೊಂದು ಎಳೆ ಹೊರಟಿತ್ತು. ಕ್ರಿ.ಶ. 1ನೇ ಶತಮಾನದ ಗ್ರೀಕ್ ನಾವಿಕರ ಕೈಪಿಡಿ 'ಪೆರಿಪ್ಲಸ್', ಭಾರತದ ಪಶ್ಚಿಮ ಕರಾವಳಿಯಿಂದ ಆಫ್ರಿಕಾದ ಬಂದರುಗಳಿಗೆ ಹೋಗುವ ಸರಕಿನಲ್ಲಿ 'ಸಾಕ್ಖರಿ ಎಂಬ ಜೊಂಡಿನ ಜೇನು' ಅಂತ ಬರೆಯುತ್ತದೆ. ಅದೇ ಶತಮಾನದ ವೈದ್ಯ ಡಯೋಸ್ಕೊರಿಡೀಸ್, ಅದು ಉಪ್ಪಿನ ಹಾಗೆ ಗಟ್ಟಿ, ಹಲ್ಲಿಗೆ ಸಿಕ್ಕರೆ ಉಪ್ಪಿನ ಹಾಗೆಯೇ ಪುಡಿಯಾಗುತ್ತದೆ ಅನ್ನುತ್ತಾನೆ. ರೋಮಿನ ಪ್ಲಿನಿ, ಇದು ಔಷಧಿಗೆ ಮಾತ್ರ ಬಳಸುವ ವಸ್ತು ಅನ್ನುತ್ತಾನೆ. ಗ್ರೀಕರ ರೂಪ ನೋಡಿ: ರ ಇಲ್ಲ, ಶ ಇಲ್ಲ, ಕ-ಕಾರಕ್ಕೆ ಮಹಾಪ್ರಾಣ ಇದೆ. ಪಾಳಿಯ ಸಕ್ಖರಾದ ಅಚ್ಚೇ. ಗ್ರೀಕ್ ವ್ಯಾಪಾರಿ ಸರಕು ಕೊಂಡದ್ದು ಬಂದರಿನ ಜನರಿಂದ, ಪಂಡಿತರಿಂದಲ್ಲ. ಪದವೂ ಆಡುಮಾತಿನದ್ದೇ ಹೋಯಿತು. ಈ ಎಳೆ ಲ್ಯಾಟಿನ್ನಿನ 'ಸಕ್ಖಾರುಮ್' ಆಗಿ ಪುಸ್ತಕಗಳಲ್ಲಿ ಮಲಗಿತ್ತು. 1879ರಲ್ಲಿ ಕಂಡುಹಿಡಿದ ಕೃತಕ ಸಿಹಿಗೆ 'ಸ್ಯಾಕರಿನ್' ಅಂತ ಹೆಸರಿಟ್ಟಾಗ ಮತ್ತೆ ಎದ್ದಿತು. ಶುಗರ್ ಮತ್ತು ಸ್ಯಾಕರಿನ್ ಒಂದೇ ಇಂಗ್ಲಿಷಿನಲ್ಲಿದ್ದರೂ ಒಂದು ಒಣನೆಲದ ದಾರಿಯದ್ದು, ಇನ್ನೊಂದು ಹಡಗಿನದ್ದು. ಒಂದರಿಂದ ಇನ್ನೊಂದು ಬಂತು ಅಂದರೆ ತಪ್ಪು.

ಈಗ ನಿಪ್ಪಾಣಿಯ ಅಂಗಡಿಗೆ ಮರಳಿ ಬನ್ನಿ. ಮರಾಠಿಯ 'ಸಾಖರ್'ನಲ್ಲಿ ಖ ಇದೆ. ಪ್ರಾಕೃತದ ಜೋಡಿ ವ್ಯಂಜನ ಮರಾಠಿಯಲ್ಲಿ ಒಂಟಿಯಾಗಿ, ಹಿಂದಿನ ಸ್ವರ ಎಳೆಯುತ್ತದೆ: ಸತ್ತ ಹೋಗಿ ಸಾತ್, ಅಟ್ಠ ಹೋಗಿ ಆಠ್. ಅದೇ ನಿಯಮಕ್ಕೆ ಸಕ್ಖರಾ ಸಾಖರ್ ಆಗಿದೆ. ಎರಡು ಸಾವಿರ ವರ್ಷದ ಹಿಂದೆ ಗ್ರೀಕ್ ನಾವಿಕನ ಕಿವಿಗೆ ಬಿದ್ದ ಮಹಾಪ್ರಾಣ ಇವತ್ತು ನಿಪ್ಪಾಣಿಯ ಅಂಗಡಿಯಲ್ಲಿ ಕೇಳುತ್ತದೆ. ಇದಕ್ಕಿಂತ ಚೆಂದದ ಸಾಕ್ಷಿ ನನಗೆ ಬೇರೆ ಗೊತ್ತಿಲ್ಲ. ನಮ್ಮ 'ಸಕ್ಕರೆ'ಯಲ್ಲಿ ಖ ಇಲ್ಲ, ಆದರೆ ಇಮ್ಮಡಿ ಕ-ಕಾರ ಹಾಗೇ ನಿಂತಿದೆ. ಕನ್ನಡದ ತದ್ಭವಗಳಲ್ಲಿ ಮಹಾಪ್ರಾಣ ಸಾಮಾನ್ಯವಾಗಿ ಉಳಿಯುವುದಿಲ್ಲ, ಹಾಗಾಗಿ ನಮಗೆ ಬಂದದ್ದು ಸಕ್ಖರಾವೋ ಸಕ್ಕರಾವೋ ಅಂತ ಕನ್ನಡವೊಂದನ್ನೇ ನೋಡಿ ತೀರ್ಮಾನಿಸಲು ಬರುವುದಿಲ್ಲ. 'ಶಕ್ಕರ್'ನ ಶ-ಕಾರದ ಬೆನ್ನಿಗೆ ಫಾರಸಿ ಇದೆ. 1490ರಿಂದ 1686ರವರೆಗೆ ಆದಿಲ್‌ಶಾಹಿ ದರ್ಬಾರು ನಡೆದ ವಿಜಯಪುರದ ಸೀಮೆಯಲ್ಲಿ ಅದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಶಾಲೆಯ ವ್ಯಾಕರಣದಲ್ಲಿ ಶರ್ಕರಾ–ಸಕ್ಕರೆ, ವರ್ಣ–ಬಣ್ಣ, ಕಾರ್ಯ–ಕಜ್ಜ, ಅರ್ಕ–ಎಕ್ಕ ಅಂತ ಬಾಯಿಪಾಠ ಮಾಡಿಸುತ್ತಾರೆ. ಪಟ್ಟಿ ಒಳ್ಳೆಯದೇ, ಆದರೆ ಇಲ್ಲೊಂದು ಎಚ್ಚರ ಬೇಕು. ರ-ಕಾರ ಕರಗಿದ ಕಡೆಯೆಲ್ಲ ಸಂಸ್ಕೃತ ಮೂಲ ಅಂತ ಹೇಳಿದರೆ ಕಬ್ಬಿನಲ್ಲೇ ಎಡವುತ್ತೀರಿ. ಕಬ್ಬು ಹಳಗನ್ನಡದಲ್ಲಿ 'ಕರ್ಬು', ತಮಿಳಿನಲ್ಲಿ 'ಕರುಂಬು'. ಅಪ್ಪಟ ದ್ರಾವಿಡ ಪದ. ಇರ್ದ ಹೋಗಿ ಇದ್ದ ಆದ ಹಾಗೆ, ಕರ್ಬು ಕನ್ನಡದೊಳಗೇ ಕಬ್ಬು ಆಯಿತು. ಬೆಲ್ಲವೂ ನಮ್ಮದೇ: ತಮಿಳಿನಲ್ಲಿ ವೆಲ್ಲಂ, ತೆಲುಗಿನಲ್ಲಿ ಬೆಲ್ಲಂ. ಬೆಳೆಯೂ ಬೆಲ್ಲವೂ ದ್ರಾವಿಡ, ಸಕ್ಕರೆ ಮಾತ್ರ ಪ್ರಾಕೃತದಿಂದ ಬಂದದ್ದು.

ಇನ್ನು ಅರ್ಥ. ಶರ್ಕರಾ ಅಂದರೆ ಮೊದಲಿಗೆ ಸಿಹಿ ಅಲ್ಲ, ಗರಸು. ನದಿ ದಂಡೆಯ ಸಣ್ಣ ಹರಳು, ಉರುಟು ಕಲ್ಲಿನ ಪುಡಿ. ಪಾಣಿನಿ ತನ್ನ ಸೂತ್ರವೊಂದರಲ್ಲಿ (5.2.104) ಸಿಕತಾ, ಶರ್ಕರಾ ಎರಡನ್ನೂ ಜೋಡಿಸಿ ಹೇಳುತ್ತಾನೆ, ಸಿಕತಾ ಅಂದರೆ ಮರಳು. ಸುಶ್ರುತ ಸಂಹಿತೆಯಲ್ಲಿ ಮೂತ್ರದಲ್ಲಿ ಹೋಗುವ ಕಲ್ಲಿನ ಹರಳಿಗೂ ಶರ್ಕರಾ ಎಂದೇ ಹೆಸರು. ಗರಸು ಎಂಬ ಮಾತು ಸಿಹಿಗೆ ಹೇಗೆ ಅಂಟಿತು ಅಂತ ನಿಘಂಟು ನೋಡಿ ಒದ್ದಾಡುವ ಬದಲು ಮುಧೋಳ, ಮಹಾಲಿಂಗಪುರದ ಕಡೆ ಬೆಲ್ಲದ ಗಾಣ ನಡೆಯುವಾಗ ಹೋಗಿ ನಿಂತರೆ ಸಾಕು.

ಕಬ್ಬಿನ ರಸ ದೊಡ್ಡ ಕಡಾಯಿಯಲ್ಲಿ ಕುದಿಯುತ್ತದೆ. ಸ್ವಲ್ಪ ಸುಣ್ಣ, ಬೆಂಡೆ ಗಿಡದ ಲೋಳೆ ಹಾಕಿದರೆ ಕಸ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ತೆಗೆದುಬಿಡುತ್ತಾರೆ. ಪಾಕ ಸುಮಾರು 118 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ನೋಡುತ್ತಾರೆ. ಉಂಡೆ ಕಟ್ಟಿದರೆ ಹದ ಬಂತು. ಮೊದಲೇ ಇಳಿಸಿದರೆ ಗಟ್ಟಿಯಾಗದೆ ಜೋನಿಯಾಗಿ ಉಳಿಯುತ್ತದೆ, ತಡ ಮಾಡಿದರೆ ತಳ ಹತ್ತಿ ಕಪ್ಪಾಗುತ್ತದೆ. ಇಳಿಸಿ ಹರವಿ ಮರದ ಹುಟ್ಟಿನಿಂದ ತಿರುವುತ್ತ ಹೋದ ಹಾಗೆ, ಜೇನಿನಂತೆ ಹರಿಯುತ್ತಿದ್ದದ್ದು ಇದ್ದಕ್ಕಿದ್ದಂತೆ ಮಬ್ಬಾಗಿ ಹರಳುಗಟ್ಟುತ್ತದೆ. ಆರಿದ ಪೆಂಟಿಯನ್ನು ಒಡೆದು ಒಳಮೈಯನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿ. ಬೆರಳಿಗೆ ಸಿಗುವುದು ಘಟಪ್ರಭೆಯ ದಂಡೆಯ ಗರಸಿನ ಸ್ಪರ್ಶವೇ. ಆ ಹರಳನ್ನು ಮೊದಲ ಸಲ ಕಂಡವರು ಅದಕ್ಕೆ ಕೈಗೆ ಸಿಕ್ಕ ಹೆಸರನ್ನೇ ಇಟ್ಟರು.

ಕೌಟಿಲ್ಯನ ಅರ್ಥಶಾಸ್ತ್ರ ಕಬ್ಬಿನ ಉತ್ಪನ್ನಗಳನ್ನು ಸಾಲಾಗಿ ಹೇಳುತ್ತದೆ: ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ. ಜೋನಿಯಂಥದ್ದರಿಂದ ಹೊರಟು ಹರಳಿನವರೆಗೆ ಬರುವ ಸಾಲು ಅದು. ಕೊನೆಗೆ ನಿಂತದ್ದು ಶರ್ಕರಾ, ಊರು ದಾಟಿ ಮಾರಾಟವಾದದ್ದೂ ಅದೇ. ಜೋನಿ ಸೋರುತ್ತದೆ, ಬೆಲ್ಲ ಮಳೆಗಾಲದ ಥಂಡಿಗೆ ನೀರು ಬಿಡುತ್ತದೆ. ಒಣ ಹರಳು ದೂರ ಹೋಗುತ್ತದೆ, ಅದರ ಜತೆ ಹೆಸರೂ ಹೋಗುತ್ತದೆ. ನಾವು 'ಕಲ್ಲುಸಕ್ಕರೆ' ಅನ್ನುವಾಗ ಮೂಲದ ಲೆಕ್ಕದಲ್ಲಿ 'ಕಲ್ಲುಗರಸು' ಅಂದ ಹಾಗಾಯಿತು. ಸಕ್ಕರೆಯೊಳಗಿನ ಕಲ್ಲು ಮರೆತುಹೋದ ಮೇಲೆ ಇನ್ನೊಂದು ಕಲ್ಲು ಸೇರಿಸಿದ್ದೇವೆ.

ಆ ಸಾಲಿನ ಖಂಡವೂ ದೇಶಾಂತರ ಹೋಗಿದೆ. ಖಂಡ ಅಂದರೆ ತುಂಡು. ಫಾರಸಿಯಲ್ಲಿ 'ಕಂದ್', ಅರಬ್ಬಿಯಲ್ಲಿ 'ಕಂದಿ', ಫ್ರೆಂಚಿನಲ್ಲಿ 'ಸುಕ್ರ್ ಕಾಂದಿ', ಇಂಗ್ಲಿಷಿನಲ್ಲಿ ಕ್ಯಾಂಡಿ. ಆದರೆ ಅರಳೆ ವ್ಯಾಪಾರದಲ್ಲಿ "ಕ್ಯಾಂಡಿಗೆ ಎಷ್ಟು?" ಅಂತ ಕೇಳುತ್ತಾರಲ್ಲ, 356 ಕಿಲೋ ತೂಕದ ಆ ಕ್ಯಾಂಡಿ ಬೇರೆ. ಅದು ಮರಾಠಿಯ 'ಖಂಡಿ' ಎಂಬ ಅಳತೆಯನ್ನು ಇಂಗ್ಲಿಷರು ತಮ್ಮ ನಾಲಿಗೆಗೆ ಹೊಂದಿಸಿಕೊಂಡದ್ದು. ಇಂಗ್ಲಿಷಿನಲ್ಲಿ ಎರಡರ ಕಾಗುಣಿತವೂ ಒಂದೇ. ನಿಘಂಟಿನಲ್ಲಿ ಒಂದೇ ಕಾಗುಣಿತದ ಕೆಳಗೆ 1, 2 ಅಂತ ಸಂಖ್ಯೆ ಹಾಕಿದ್ದರೆ ಅವು ಬೇರೆ ಬೇರೆ ಪದಗಳು ಅಂತ ಅರ್ಥ. ಆ ಸಂಖ್ಯೆ ನೋಡದೆ ಮೊದಲ ವಿವರಣೆ ಎತ್ತಿಕೊಂಡವರು ಹತ್ತಿ ತೂಗುವ ಮಾತಿಗೆ ಮಿಠಾಯಿಯ ಚರಿತ್ರೆ ಬರೆದುಬಿಡುತ್ತಾರೆ.

ಜ್ಯಾಗರಿ ಇನ್ನೂ ತೊಡಕಿನದು. ಬೆಲ್ಲಕ್ಕೆ ಇಂಗ್ಲಿಷರು ಹೇಳುವ ಈ ಪದ ಬೆಲ್ಲದಿಂದಲೂ ಬಂದಿಲ್ಲ, ಗುಡದಿಂದಲೂ ಬಂದಿಲ್ಲ. ಇದೂ ಶರ್ಕರಾದ ಕೂಸೇ. ಪೋರ್ಚುಗೀಸರು ಈ ಕರಾವಳಿಯಲ್ಲಿ ನೆಲೆಯಾದ ಮೇಲೆ 'ಜಾಗರ', 'ಜಾಗ್ರ' ಅಂತ ಬರೆದರು, 16ನೇ ಶತಮಾನದ ಕೊನೆಗೆ ಅದು ಇಂಗ್ಲಿಷಿಗೆ ಹೋಯಿತು. ಪೋರ್ಚುಗೀಸರ ಬಾಯಲ್ಲಿ ಆ ಜ ನಮ್ಮ ಜ ಅಲ್ಲ, ಶ-ಕಾರಕ್ಕೆ ಗಂಟಲ ನಾದ ಸೇರಿಸಿದ ದನಿ. ಹಾಗಾಗಿ ಶ-ಕಾರವೋ ಚ-ಕಾರವೋ ಅವರ ಕಿವಿಯಲ್ಲಿ ಹಾಗಾಗುವುದು ಸಹಜ. ಇಂಗ್ಲಿಷರು ಬರಹ ನೋಡಿ ತಮ್ಮ ಜ-ಕಾರದಲ್ಲಿ ಓದಿದರು. ಗಮನಿಸಿ: ಶುಗರ್‌ನಲ್ಲೂ ಗ ಇದೆ, ಜ್ಯಾಗರಿಯಲ್ಲೂ ಗ ಇದೆ, ಎರಡೂ ಹಿಂದೆ ಕ ಆಗಿದ್ದವು. ಆದರೂ ಒಂದಕ್ಕೊಂದು ಸಂಬಂಧವಿಲ್ಲ. ಒಂದು ಇಂಗ್ಲೆಂಡಿನಲ್ಲಿ ಆದದ್ದು, ಇನ್ನೊಂದು ಈ ಕರಾವಳಿಯ ಪೋರ್ಚುಗೀಸಿನಲ್ಲಿ.

ಪೋರ್ಚುಗೀಸರಿಗೆ ಕೊಟ್ಟವರು ಯಾರು? ಕೆಲವು ಇಂಗ್ಲಿಷ್ ನಿಘಂಟುಗಳು ಕನ್ನಡದ ರೂಪವನ್ನು ಹೆಸರಿಸುತ್ತವೆ, ಭಾರತದಿಂದ ಇಂಗ್ಲಿಷಿಗೆ ಹೋದ ಪದಗಳ 1886ರ ನಿಘಂಟು 'ಹಾಬ್ಸನ್-ಜಾಬ್ಸನ್' ಕೊಂಕಣಿಯ ಮಾತೆತ್ತುತ್ತದೆ, ಮಲೆಯಾಳದ ಕಡೆ ವಾಲುವವರೂ ಇದ್ದಾರೆ. ಕನ್ನಡಿಗರಾಗಿ ಕನ್ನಡಕ್ಕೇ ಕೊಟ್ಟುಬಿಡುವ ಆಸೆ ಆಗುತ್ತದೆ. ಆದರೆ ಅರ್ಥದ ಲೆಕ್ಕ ಕೂಡುವುದಿಲ್ಲ: ನಮ್ಮಲ್ಲಿ ಸಕ್ಕರೆ ಬೇರೆ, ಬೆಲ್ಲ ಬೇರೆ. ಮಲೆಯಾಳದಲ್ಲಿ 'ಶರ್ಕ್ಕರ', 'ಚಕ್ಕರ' ಅಂದರೆ ಬೆಲ್ಲವೇ. ಅರ್ಥ ಮತ್ತು ಮೊದಲಕ್ಷರ ಎರಡೂ ಅಲ್ಲೇ ಚೆನ್ನಾಗಿ ಹೊಂದುತ್ತವೆ. ನನ್ನ ಒಲವು ಮಲೆಯಾಳದ ಕಡೆಗಿದೆ, ಅಭಿಮಾನಕ್ಕೆ ಸಾಕ್ಷಿ ಬಗ್ಗಿಸುವುದು ನನಗೆ ಒಪ್ಪುವುದಿಲ್ಲ.

ಈ ಕೆಲಸ ಕೈಗೆತ್ತಿಕೊಳ್ಳುವವರಿಗೆ ಒಂದು ಪಟ್ಟಿವಹಿ ಸಾಕು. ಒಂದೊಂದು ಮೆಟ್ಟಿಲಿಗೆ ಒಂದೊಂದು ಸಾಲು. ಭಾಷೆ, ರೂಪ, ಕಾಲ, ಅರ್ಥ, ದನಿಯ ಬದಲಾವಣೆ, ಜೋಡಿ ಉದಾಹರಣೆ ಅಂತ ಆರು ಅಂಕಣ. ಜೋಡಿಯ ಅಂಕಣ ಖಾಲಿ ಉಳಿದರೆ ಅದೇ ನಿಮ್ಮ ದುರ್ಬಲ ಕೊಂಡಿ. ಕನ್ನಡಕ್ಕೆ 1894ರ ಕಿಟೆಲ್ ನಿಘಂಟು, ದ್ರಾವಿಡಕ್ಕೆ ಬರೋ–ಎಮೆನೋ, ಪ್ರಾಕೃತದಿಂದ ಮರಾಠಿ, ಹಿಂದಿಗೆ ಬರುವ ದಾರಿಗೆ ಟರ್ನರ್, ಫಾರಸಿಗೆ ಸ್ಟೈನ್‌ಗಾಸ್. ಕೊನೆಯ ಮೂರೂ ಶಿಕಾಗೊ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಕನ್ನಡ ಲಿಪಿಯಲ್ಲಿ ಹುಡುಕಿದರೆ ಅಲ್ಲಿ ಏನೂ ಸಿಗದಿರಬಹುದು. ಪದವನ್ನು ರೋಮನ್ ಅಕ್ಷರಕ್ಕೆ ಹೊರಳಿಸಿ, ದೀರ್ಘಕ್ಕೂ ಶ-ಷ ಭೇದಕ್ಕೂ ಇರುವ ಗುರುತು ಹಾಕಿ ಹುಡುಕಬೇಕು. ಒಂದೇ ಪುಸ್ತಕ ನಂಬಿ ಸಾಲು ತುಂಬಬೇಡಿ. ಇಂಗ್ಲಿಷ್ ನಿಘಂಟುಗಳು ಅರಬ್ಬಿಯವರೆಗೆ ಚೊಕ್ಕವಾಗಿ ಬಂದು, ಆಮೇಲೆ "ಸಂಸ್ಕೃತದಿಂದ" ಅಂತ ಒಂದೇ ಮಾತಿನಲ್ಲಿ ಮುಗಿಸುವುದು ಹೆಚ್ಚು. ಪ್ರಾಕೃತದ ಮೆಟ್ಟಿಲು ಕಾಣೆಯಾಗುವುದು ಅಲ್ಲೇ.

ಶುಗರ್‌ನ ಪಟ್ಟಿಯಲ್ಲಿ ಇನ್ನೊಂದು ಸಾಲು ಬಾಕಿ ಇದೆ. ಭಾಷೆ: ಕನ್ನಡ. ರೂಪ: ಶುಗರ್. ಅರ್ಥ: ಮಧುಮೇಹ. ಇಂಗ್ಲಿಷಿನಿಂದ ಮರಳಿ ಬರುವಾಗ ಪದ ತಿನ್ನುವ ವಸ್ತುವಿನ ಅರ್ಥವನ್ನು ನಮ್ಮ ಸಕ್ರಿಗೇ ಬಿಟ್ಟು, ರೋಗದ ಹೆಸರಾಗಿ ಕೂತಿದೆ. "ಅವರಿಗೆ ಶುಗರ್ ಐತ್ರಿ, ಚಾದಾಗ ಸಕ್ರಿ ಹಾಕಬ್ಯಾಡ್ರಿ" ಎಂಬ ಒಂದು ಮಾತಿನಲ್ಲಿ ಎರಡೂ ಪಕ್ಕಪಕ್ಕ ಇವೆ, ಯಾರಿಗೂ ಗೊಂದಲವಾಗುವುದಿಲ್ಲ. ಕಾಲದ ಅಂಕಣ ಮಾತ್ರ ಖಾಲಿ. ಅದನ್ನು ತುಂಬಬೇಕಾದರೆ ಬೆಳಗಾವಿ, ವಿಜಯಪುರದ ಹಳೆಯ ಗ್ರಂಥಾಲಯಗಳಲ್ಲಿ ಕನ್ನಡ ಪತ್ರಿಕೆಗಳ ಕಟ್ಟು ಬಿಚ್ಚಿ, ಔಷಧಿ ಜಾಹೀರಾತುಗಳನ್ನೂ ಆರೋಗ್ಯದ ಅಂಕಣಗಳನ್ನೂ ವರ್ಷ ವರ್ಷವಾಗಿ ಹಿಂದಕ್ಕೆ ಓದುತ್ತ ಹೋಗಬೇಕು.